ಬರೀ ನೀರು ಕುಡಿದ ಇಲಿ

ಅಮ್ಮಾ,

ನೀನು ಹೋದ ಮೇಲೂ ಸುದ್ದಿ ಮೊದಲು ನಿನಗೇ ಹೇಳುವ ಚಾಳಿ ಬಿಟ್ಟಿಲ್ಲ. ಇವತ್ತು ಲ್ಯಾಬಿನಲ್ಲಿ ನಾವು ಪರೀಕ್ಷಿಸುತ್ತಿರುವ ಗಿಡದ ತೊಗಟೆಯಿಂದ ತೆಗೆದ ಆಲ್ಕಲಾಯ್ಡ್ ಅನ್ನುವ ಕಹಿ ವಸ್ತು ಕೆಲಸ ಮಾಡಿತು. ಅದು ಮಿದುಳಿನಲ್ಲಿ ಮನಸ್ಸನ್ನು ಹಗುರಾಗಿಡುವ ಸೆರೊಟೋನಿನ್ ಅನ್ನುವ ರಾಸಾಯನಿಕ ಬೇಗ ಕರಗದಂತೆ ತಡೆಯುತ್ತದೆ, ಹೆದರಿಕೆ ಕಮ್ಮಿಯಾಗುತ್ತದೆ. ಅದನ್ನು ಕುಡಿದ ಇಲಿ ಕತ್ತಲೆ ಪೆಟ್ಟಿಗೆಯಿಂದ ಬೆಳಕಿಗೆ ಬಂದು, ಮಾವನ ಮನೆಗೆ ಬಂದ ಅಳಿಯನ ಹಾಗೆ ಕೂತು ಮೀಸೆ ತೀಡಿತು! ನಕ್ಕು ನಕ್ಕು ಸುಸ್ತಾದೆ.

ಹೋಲಿಕೆಗೆಂದು ಬರೀ ನೀರು ಕೊಟ್ಟ ಇಲಿ ಮಾತ್ರ ಬಾಗಿಲ ಸಂದಿಯಲ್ಲಿ ಮೂಗಿಟ್ಟು ನೋಡುತ್ತಿತ್ತು, ನೆಂಟರು ಬಂದಾಗ ನೀನು ನಿಲ್ಲುತ್ತಿದ್ದ ಹಾಗೇ. ನಾನು ಕೈಹಿಡಿದು ಎಳೆದರೆ, "ಇಲ್ಲಿಂದಲೇ ಚೆನ್ನಾಗಿ ಕಾಣತ್ತೆ ಬಿಡೇ" ಅಂತಿದ್ದೆ ನೀನು.

ಪೆಟ್ಟಿಗೆ ತಟ್ಟಿ ಇಲಿಯನ್ನು ಹೊರಗೆ ಕರೆಯಬಾರದು ಅನ್ನುವುದು ನಮ್ಮ ನಿಯಮ. ಪ್ರಯೋಗ ಮುಗಿದ ಮೇಲೂ ನಾನು ತಟ್ಟಲಿಲ್ಲ. ಅದಕ್ಕೂ ಅಲ್ಲಿಂದಲೇ ಚೆನ್ನಾಗಿ ಕಾಣುತ್ತಿತ್ತು.