ನಾಳೆಯವರೆಗೆ ಬರೀ ಮಣ್ಣು

ಶಿಜುಎ,

ಸಂಜೆ ಐದು ಗಂಟೆ. ಇಂದು ಹುಡುಗರು ನಮ್ಮ ಸುಮೋ ಅಭ್ಯಾಸದ ಕಣವನ್ನು ಅಗೆದು ಹೊಸ ಮಣ್ಣು ತುಂಬಿದರು. ನೀನು ತೀರಿಕೊಂಡ ಮೇಲೆ ಇದೇ ಮೊದಲು. ನಾಳೆ ಪೂಜೆಯಾಗುವವರೆಗೆ ಅದು ಬರೀ ಮಣ್ಣು, ಹೆಂಗಸರೂ ಕಾಲಿಡಬಹುದು; ಪೂಜೆಯಾದ ಮೇಲೆ ಇಡುವಂತಿಲ್ಲ.

ನಾನು ಸುಮೋ ಬಿಟ್ಟ ದಿನ ಕಣದ ಮೇಲೆ ನನ್ನ ಜುಟ್ಟು ಕತ್ತರಿಸುವಾಗ ನೀನು ಕೆಳಗೆ ನಿಂತಿದ್ದೆ. ನಾನು ಗುರುವಾದ ಮೇಲೂ ನೀನು ಇಲ್ಲಿ ಕಣದ ಪಕ್ಕದ ಹಲಗೆಯ ಅಂಚಿನಿಂದಲೇ ಹುಡುಗರಿಗೆ ಟವೆಲ್ ಕೊಡುತ್ತಿದ್ದೆ. ಕಣ ಅಗೆದಾಗಲೆಲ್ಲ, "ಒಂದ್ಸಲ ಇಳಿದು ನೋಡ್ಲಾ?" ಎಂದು ನೀನು ಕೇಳುತ್ತಿದ್ದೆ. "ಮುಂದಿನ ಸಲ ನೋಡೋಣ" ಎನ್ನುತ್ತಿದ್ದೆ ನಾನು.

ಮಧ್ಯಾಹ್ನ ನಮ್ಮ ಹಿರಿಯ ಶಿಷ್ಯ ಮಿನೆಶಿರೊ ಬಾಗಿಲ ಬಳಿಯಿದ್ದ ನಿನ್ನ ಮರದ ಚಪ್ಪಲಿ ಹಿಡಿದು ಬಂದ.

"ಗುರುಗಳೇ, ಇವನ್ನ ಕಣದ ನಡುವೆ ಇಡ್ಲಾ? ಅಮ್ಮ ಒಂಚೂರು ನಿಂತ್ಕೊಳ್ಳಲಿ."

"ಬಂದ್ರೆ ಮೊದಲು ನಿನ್ನ ಮಣ್ಣುಗಾಲು ನೋಡಿ ಬೈತಾಳೆ ಕಣೋ."

"ಬೈಲಿ ಗುರುಗಳೇ. ಬೈಸ್ಕೊಂಡು ಎಷ್ಟು ದಿನ ಆಯ್ತು."

ಇಟ್ಟ.

ಈಗ ಹುಡುಗರು ಊಟಕ್ಕೆ ಹೋಗಿದ್ದಾರೆ. ಚಪ್ಪಲಿಗಳು ಹಸಿ ಮಣ್ಣಿನಲ್ಲಿ ಸ್ವಲ್ಪ ಇಳಿದಿವೆ. ನಾನು ಹಲಗೆಯ ಮೇಲೆ, ನೀನು ನಿಲ್ಲುತ್ತಿದ್ದ ಜಾಗದಲ್ಲಿ ಕೂತು ಬರೆಯುತ್ತಿದ್ದೇನೆ.

ನಾಳೆ ಬೆಳಿಗ್ಗೆ ಏಳಕ್ಕೆ ಪೂಜೆ. ಅದಕ್ಕೆ ಮುಂಚೆ ಅವನ್ನು ತೆಗೆಯಬೇಕು.