ಮುರಿದ ಕೊಂಬಿನ ಎತ್ತಿಗೆ ಗಿರಾಕಿ

ಗುಂಡ್ಲುಪೇಟೆ, ೧೯೫೬

ಅಕ್ಕಾ,

ನೀನು ತೀರಿಹೋಗಿ ಮೂರು ವರ್ಷವಾದರೂ ನಿನ್ನ ಮಗನ ಸುದ್ದಿಯನ್ನು ನಿನಗೇ ಮೊದಲು ಹೇಳುವ ಚಾಳಿ ನನ್ನನ್ನು ಬಿಟ್ಟಿಲ್ಲ. ಶಿವರುದ್ರ ಬಿ.ಎ. ಪಾಸಾದ, ಮೂರನೆಯ ದರ್ಜೆ. ವ್ಯಾಪಾರದ ಆಡಳಿತ ಕಲಿಸುವ ದೊಡ್ಡ ಕಾಲೇಜು ಸೇರುವ ಆಸೆ ಅವನದು. ಆದರೆ ಅಂಕಕ್ಕೆ ನಾಚಿಕೊಂಡು, ಯಾರು ಬಂದರೂ ಸೇರಿಸಿಕೊಳ್ಳುವ ಟೈಪಿಂಗ್ ಶಾಲೆಯೊಂದಕ್ಕೇ ಅರ್ಜಿ ಹಾಕುತ್ತೇನೆಂದು ಕೂತಿದ್ದ.

ನಿನ್ನೆ ಅವನನ್ನು ತೆರಕಣಾಂಬಿ ಸಂತೆಗೆ ಕರೆದೊಯ್ದೆ. ನನ್ನ ಹತ್ತಿರ ಕೊಂಬು ಮುರಿದ ಎತ್ತೊಂದಿತ್ತು.

"ಇದ್ನ ಯಾರಿಗ್ಲಾ ತೋರ್ಸನ?" ಅಂದೆ.

"ಕಮ್ಮಿಗೆ ಕೇಳೋರ್ಗೆ, ಮಾವ."

"ಥೂ, ಓದ್ದೋನೆ! ಕೊಂಬ್ ನೋಡೋನ್ನ ಬುಡು. ನಡ್ಸಿ ನೋಡೋನ್ ತಾವ ಓಗನ, ಬಾ."

ಹರವೆಯ ರೈತನೊಬ್ಬ ಎತ್ತನ್ನು ನಾಲ್ಕು ಸುತ್ತು ನಡೆಸಿದ. ಕೊಂಬಿನ ಮಾತೇ ಎತ್ತದೆ, ಸಂತೆಯ ರೂಢಿಯಂತೆ ಟವೆಲ್ಲಿನಡಿ ನನ್ನ ಬೆರಳು ಹಿಡಿದು ಗುಟ್ಟಾಗಿ ಚೌಕಾಸಿ ಮಾಡಿ, ಒಳ್ಳೆಯ ಬೆಲೆಗೇ ಒಪ್ಪಿದ.

ಮನೆಗೆ ಬಂದವನೇ ಹುಡುಗ ಕಾಲೇಜುಗಳ ವಿವರ ಹರಡಿಕೊಂಡ. ಅಂಕವನ್ನಷ್ಟೇ ತೂಗುವವನ್ನು ಪಕ್ಕಕ್ಕಿಟ್ಟ. ಎದುರು ಕೂರಿಸಿಕೊಂಡು ಮಾತಾಡಿಸುವ, ಸಂತೆಯಲ್ಲಿ ನನ್ನ ಜೊತೆ ದುಡಿದಂಥದ್ದನ್ನೂ ಕೇಳುವ ಎರಡು ಕಾಲೇಜಿಗೆ ಬರೆದ. ಒಂದು ಮುಂಬಯಿಯದು, ಒಂದು ಕಲ್ಕತ್ತೆಯದು. ಸೀಟು ಸಿಕ್ಕರೆ ಸಿಕ್ಕಿತು, ಗಿರಾಕಿಯನ್ನಂತೂ ಸರಿಯಾಗಿ ಆರಿಸಿದ್ದಾನೆ.

"ವ್ಯಾಪಾರ ಯಾರ ಹತ್ರ ಕಲ್ತೆ ಅಂತ ಕೇಳುದ್ರೆ ನಿಮ್ ಹೆಸ್ರೇ ಹೇಳ್ತೀನಿ, ಮಾವ."

"ನಿಮ್ಮವ್ವನ್ ಎಸ್ರು ಯೋಳು ಕಣ್ಲಾ. ನಂಗೆ ಎತ್ತು ಮಾರೋದ್ ಕಲ್ಸಿದ್ದೇ ಅವ್ಳು."

ಹುಡುಗ ಬಾಯಿಬಿಟ್ಟು ನೋಡಿದ. ನೀನು ಎದುರಿಗಿದ್ದಷ್ಟು ದಿನ ಈ ಮಾತು ನನ್ನ ಬಾಯಿಗೆ ಬಂದಿರಲಿಲ್ಲ, ಅಕ್ಕಾ. ನಿನ್ನೆ ಸಲೀಸಾಗಿ ಬಂತು.

ನಿನ್ನ ತಮ್ಮ
ಚಿಕ್ಕಮಲ್ಲಪ್ಪ