ಟೀವಿಯ ಕೋರ್ಟಿನಲ್ಲಿ ದುರುಗವ್ವನ ಸಾಕ್ಷಿ

ನನ್ನ ಸೀನಿಯರ್ ಸರ್,

ಮೊದಲೇ ಹೇಳಿಬಿಡುತ್ತೇನೆ, ನಗಬೇಡಿ. ಟೀವಿಯವರು ನಿಮ್ಮನ್ನು ಹೆಂಗಸು ಮಾಡಿದ್ದಾರೆ. ಮೂವತ್ತು ವರ್ಷದ, ಕೂದಲು ಕತ್ತರಿಸಿಕೊಂಡ, ಜೀಪು ಓಡಿಸುವ ವಕೀಲೆ. ನಿಮ್ಮ ಬಿಳಿ ಮೀಸೆ, ಹರಿದ ಕೈಚೀಲ, ಬಾಯಲ್ಲಿನ ಎಲೆಯಡಿಕೆ ಎಲ್ಲ ಹೋಯಿತು. ನೀವಿದ್ದಿದ್ದರೆ "ಇರ್ಲಿ ಬಿಡವಾ ಕೊಟ್ರಮ್ಮ, ಕೇಸು ಗೆದ್ರ ಆತು" ಅನ್ನುತ್ತಿದ್ದಿರಿ. ಅನ್ನುತ್ತಿದ್ದಿರಲ್ಲವೇ?

ನೀವು ತೀರಿಕೊಂಡ ಮೂರನೇ ವರ್ಷ ನಾನೊಂದು ಕಾದಂಬರಿ ಬರೆದೆ. ಹರಪನಹಳ್ಳಿಯ ನಮ್ಮ ಅದೇ ಆಫೀಸಿನಲ್ಲಿ, ಕಕ್ಷಿದಾರರು ಬಾರದ ಮಧ್ಯಾಹ್ನಗಳಲ್ಲಿ ಕೂತು ಬರೆದದ್ದು. ಮೈಲಾರಪ್ಪನ ಮೇಲೆ ಬಿದ್ದ ಕೊಲೆ ಕೇಸಿನ ಕಥೆ. ಹೆಸರುಗಳನ್ನು ಬದಲಿಸಿದ್ದೆ. ಆದರೆ ಬಾವಿ, ಕುರಿ, ಜೋಳದ ಹೊಲ ಅಂದರೆ ನಮ್ಮ ಕಡೆಯವರಿಗೆ ಅದು ಯಾರ ಕಥೆ ಎಂದು ತಿಳಿಯದೇ ಇರುತ್ತದೆಯೇ?

ಆ ವಿಚಾರಣೆಯ ದಿನ ನಿಮ್ಮ ಹಿಂದೆ ಫೈಲು ಹಿಡಿದು ನಿಂತಿದ್ದೆ. ನನಗದು ಮೊದಲ ಸೆಷನ್ಸ್ ಕೇಸು. ಕುರಿ ಕಾಯುವ ಮೈಲಾರಪ್ಪನಿಗೂ ಹೊಲದ ಬಸಣ್ಣನಿಗೂ ಜಗಳವಾಗಿತ್ತು, ಕುರಿಗಳು ಜೋಳಕ್ಕೆ ನುಗ್ಗಿದವೆಂದು. ಸಂಜೆ ಬಸಣ್ಣ ಬಾವಿಯ ಕಲ್ಲುಮೆಟ್ಟಿಲ ಕೆಳಗೆ ತಲೆ ಒಡೆದು ಸತ್ತು ಬಿದ್ದಿದ್ದ. ದೂರು ಕೊಟ್ಟವನು ಅವನ ತಮ್ಮ ಸಿದ್ದಪ್ಪ. ಜಗಳ ನೋಡಿದವಳು ಪಕ್ಕದ ಹೊಲದಲ್ಲಿ ಕಳೆ ಕೀಳುತ್ತಿದ್ದ ದುರುಗವ್ವ ಒಬ್ಬಳೇ. ಅವಳ ಹೇಳಿಕೆಯಲ್ಲಿ ಪೊಲೀಸರು ಬರೆದುಕೊಂಡಿದ್ದರು: "ಮೈಲಾರಪ್ಪನು ಹೊಡೆದು ಹೋದನು."

ಮೈಲಾರಪ್ಪನ ಪರವಾಗಿ ನೀವು ಎದ್ದು ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದೆ. ದನಿ ಏರಿಸಲಿಲ್ಲ. ಊರ ಕಟ್ಟೆಯ ಮೇಲೆ ಕೂತು ಮಾತಾಡಿಸುವವರಂತೆ, "ಅವತ್ತು ಪೊಲೀಸರಿಗೆ ಏನಂದಿ, ನಿನ್ನ ಬಾಯಿ ಮಾತಿನಾಗ ಹೇಳು ಯವ್ವಾ" ಎಂದಿರಿ.

"ಮೈಲಾರ ಹೊಡ್ಕಂಡು ಹ್ವಾದ ಅಂದ್ನಿರಿ."

"ಏನು ಹೊಡ್ಕಂಡು ಹ್ವಾದ?"

"ಕುರಿ ರೀ ಯಪ್ಪಾ! ಕುರಿಕಾಯವ ಇನ್ನೇನು ಹೊಡ್ಕಂಡು ಹೋಗ್ತಾನ?"

ಕೋರ್ಟಿನಲ್ಲಿ ಎಲ್ಲರೂ ನಕ್ಕರು. ನೀವು ನಗಲಿಲ್ಲ. "ಬಸಣ್ಣ ಆಗ ಎಲ್ಲಿದ್ದ?" ಎಂದು ಕೇಳಿದಿರಿ. "ಬಾವಿ ದಂಡಿ ಮ್ಯಾಲ ನಿಂತು ಬೈಯಾಕ ಹತ್ತಿದ್ದ. ಕುರಿ ಗುಡ್ಡ ದಾಟಿ, ನಾ ಮನಿಗೆ ಹೊಂಟ್ರೂ ಬೈಯಾಕ ಹತ್ತಿದ್ದ." ನೀವು ಕೂತುಬಿಟ್ಟಿರಿ. ಮೈಲಾರಪ್ಪ ಹೋದ ಮೇಲೂ ಬಸಣ್ಣ ಬದುಕಿದ್ದ. ಇನ್ನೇನು ಕೇಳಬೇಕಿತ್ತು?

ಟೀವಿಯವರ ಒಪ್ಪಂದಕ್ಕೆ ಸಹಿ ಹಾಕಿದ ದಿನದ ಬಗ್ಗೆ ಹೇಳಲು ನಾಚಿಕೆ. ಕಕ್ಷಿದಾರರಿಗೆಲ್ಲ "ಓದದೆ ಸಹಿ ಹಾಕಬ್ಯಾಡ್ರಿ" ಎನ್ನುವ ನಾನು, ಧಾರಾವಾಹಿಯಾಗುತ್ತದೆಂಬ ಹಿಗ್ಗಿನಲ್ಲಿ ಕೊನೆಯ ಪುಟ ಓದಲೇ ಇಲ್ಲ. ಕಥೆಯನ್ನು ಹೇಗೆ ಬೇಕಾದರೂ ಬದಲಿಸುವ ಹಕ್ಕು ಅವರದು ಎಂದಿತ್ತು. ಬದಲಿಸಿದರು. ಮೂರು ವರ್ಷದ ವಿಚಾರಣೆ ಮೂರು ವಾರದ್ದಾಯಿತು. ನಮ್ಮ ಕೋರ್ಟುಗಳಲ್ಲಿ ಯಾರೂ ಕಾಣದ ಕಟ್ಟಿಗೆಯ ಸುತ್ತಿಗೆ ನ್ಯಾಯಾಧೀಶರ ಮೇಜಿಗೆ ಬಂತು. ಸರ್ಕಾರಿ ವಕೀಲರು ಖಳನಾಯಕರಾದರು. ಎಲ್ಲಕ್ಕೂ ತಲೆಯಾಡಿಸಿದೆ. ಪುಸ್ತಕ ಓದುವವರು ಬೇಕಾದಾಗ ಮಡಚಿಟ್ಟು ಮತ್ತೆ ತೆರೆಯುತ್ತಾರೆ. ಟೀವಿ ನೋಡುವವರು ಒಮ್ಮೆ ಚಾನೆಲ್ ಬದಲಿಸಿದರೆ ಮುಗಿಯಿತು. ಅದು ನನಗೂ ಅರ್ಥವಾಗುತ್ತಿತ್ತು.

ಆದರೆ ಒಂದು ದಿನ ಸಿದ್ದಪ್ಪ ಆಫೀಸಿನ ಬಾಗಿಲಲ್ಲಿ ಬಂದು ನಿಂತ. ತಲೆ ಪೂರ್ತಿ ಹಣ್ಣಾಗಿತ್ತು. ಕೂರು ಎಂದರೂ ಕೂರಲಿಲ್ಲ.

"ವಕೀಲಮ್ಮಾರ, ಲಗ್ನ ಇಲ್ದ ಅಣ್ಣನ ಹೊಲ ನನಗ ಬಂತು. ಅವತ್ತಿನಿಂದ ಊರ ಮಂದಿ ನನ್ನ ನೋಡೋ ನ್ವಾಟನ ಬ್ಯಾರೆ. ಈಗ ಟೀವಿನಾಗ ತಮ್ಮನಾ ಅಣ್ಣನ್ನ ನೂಕಿದ ಅಂತ ತೋರಸ್ತಾರಂತ. ಅದನ್ನ ನೀವಾ ಬರದೀರಂತ. ಖರೇ ಏನ್ರಿ?"

ಖರೇ ಸರ್. ಬರೆದಿದ್ದೆ. ನೂಕಿದ ಎಂದಲ್ಲ. ತೀರ್ಪಿನ ನಂತರದ ಕೊನೆಯ ಪುಟದಲ್ಲಿ, ಓದುಗರ ಮೈ ಜುಂ ಎನ್ನಲಿ ಎಂದು ಒಂದೇ ಸಾಲು ಸೇರಿಸಿದ್ದೆ. ಆ ಸಂಜೆ ಬಾವಿಯ ಬಳಿ ಇನ್ನೊಬ್ಬರ ಹೆಜ್ಜೆ ಸಪ್ಪಳವಿತ್ತು ಎಂದು. ಯಾರ ಹೆಜ್ಜೆ ಎಂದು ಹೇಳಿರಲಿಲ್ಲ. ಸಾಕ್ಷಿಯೂ ಇಲ್ಲ, ಪುರಾವೆಯೂ ಇಲ್ಲ. ನೀವು ಒಬ್ಬ ನಿರಪರಾಧಿಯನ್ನು ಕಟಕಟೆಯಿಂದ ಇಳಿಸಿದಿರಿ; ನಿಮ್ಮ ಜೂನಿಯರ್ ಅಲ್ಲಿಗೆ ಇನ್ನೊಬ್ಬನನ್ನು...

ಮರುದಿನ ಬೆಳಿಗ್ಗೆಯೇ ಬಾಗಳಿ ಕಡೆಗೆ ಹೊರಟೆ. ಅಲ್ಲೇ ಹತ್ತಿರದ ಹೊಲದಲ್ಲಿ ಕೋರ್ಟಿನ ಸೆಟ್ಟೂ ಹಾಕಿ ಚಿತ್ರೀಕರಣ ನಡೆಸುತ್ತಿದ್ದರು. ನಿರ್ದೇಶಕ ಒಳ್ಳೆಯ ಹುಡುಗ, ಬೆಂಗಳೂರಿನವನು. ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದ.

"ಮೇಡಂ, ಕೊಲೆಗಾರ ಸಿಗದೇ ಇರೋ ಕೋರ್ಟ್ ಕಥೆ ಯಾರು ನೋಡ್ತಾರೆ ಹೇಳಿ? ಹೆಜ್ಜೆ ಸಪ್ಪಳ ನೀವೇ ಬರ್ದಿದೀರಲ್ಲ?"

"ಬರೆದದ್ದು ನನ್ನ ತಪ್ಪು. ಆ ತಮ್ಮ ಇನ್ನೂ ಬದುಕಿದ್ದಾನೆ. ಅವನಿಗೆ ವಕೀಲರಿಲ್ಲ, ವಿಚಾರಣೆ ಇಲ್ಲ. ನೀವು ನೇರವಾಗಿ ಶಿಕ್ಷೆ ಕೊಡುತ್ತಿದ್ದೀರಿ."

ಹಕ್ಕು ಅವನ ಕೈಯಲ್ಲಿತ್ತು, ಇಬ್ಬರಿಗೂ ಗೊತ್ತಿತ್ತು. ವಾದ ಬೆಳೆಸಬಾರದು, ಸಾಕ್ಷಿಯನ್ನೇ ಮಾತಾಡಲು ಬಿಡಬೇಕು ಎಂದು ಕಲಿಸಿದವರು ನೀವು. "ದುರುಗವ್ವನ ದೃಶ್ಯವನ್ನು ಮೊದಲು ಚಿತ್ರೀಕರಿಸಿ. ಮಾತು ನಮ್ಮ ಕಡೆಯದೇ ಇರಲಿ, ಒಂದಕ್ಷರ ತಿದ್ದಬೇಡಿ. ಆಮೇಲೂ ಕೊಲೆಗಾರ ಬೇಕೆನಿಸಿದರೆ ನಾನು ಎದ್ದು ಹೋಗುತ್ತೇನೆ" ಎಂದೆ.

ಆ ಪಾತ್ರಕ್ಕೆ ಬಂದವಳು ಹಡಗಲಿಯ ಹೆಣ್ಣುಮಗಳು, ಊರೂರು ತಿರುಗಿ ನಾಟಕ ಮಾಡಿದವಳು. ಪುಸ್ತಕದಲ್ಲಿ 'ಹೊಡೆದು', 'ಹೊಡ್ಕಂಡು' ಎರಡರ ಭೇದ ವಿವರಿಸಲು ನನಗೆ ಎರಡು ಪುಟ ಬೇಕಾಗಿತ್ತು. ಅವಳು "ಕುರಿ ರೀ ಯಪ್ಪಾ" ಎಂದು ಕೈ ಬೀಸಿದಳು, ಅಷ್ಟೇ. ಲೈಟು ಹಿಡಿದವರು, ಅಡುಗೆಯವರು ಎಲ್ಲ ಗೊಳ್ಳೆಂದರು. ಬಸಣ್ಣ ಬೈಯುತ್ತಲೇ ಇದ್ದ ಎಂದಾಗ ಅದೇ ಜನ ಗಪ್ಪಾದರು. ನಾನು ಬರೆದದ್ದಕ್ಕಿಂತ ಅದು ಚೆನ್ನಾಗಿತ್ತು, ಹೇಳಲು ನನಗೇನೂ ಸಂಕಟವಿಲ್ಲ. ನಿರ್ದೇಶಕ ಆ ದೃಶ್ಯವನ್ನು ಮತ್ತೊಮ್ಮೆ ಹಾಕಿ ನೋಡಿದ. ಆಮೇಲೆ, "ಇದಾದ್ಮೇಲೆ ಯಾರನ್ನ ಕೊಲೆಗಾರ ಮಾಡಿದ್ರೂ ಸಪ್ಪೆ ಮೇಡಂ. ಕೊನೆ ಕಂತು ನೀವೇ ಬರ್ಕೊಡಿ" ಎಂದ.

ಬರೆದುಕೊಟ್ಟೆ. ಕೋರ್ಟಿನಲ್ಲಿ ಯಾರೂ ನೋಡಿದೆನೆಂದು ಹೇಳಲಾಗದ್ದನ್ನು ಕ್ಯಾಮೆರಾ ತೋರಿಸಿತು. ಸಿಟ್ಟಿನಲ್ಲಿ ಕೈ ಬೀಸುತ್ತ ಹಿಂದೆ ಸರಿಯುವ ಬಸಣ್ಣ, ಕಾಲ ಕೆಳಗೆ ಅಲುಗಾಡುವ ದಂಡೆಯ ಕಲ್ಲು. ನಿಮ್ಮ ವಾದವೂ ಅದೇ ಇತ್ತು: ಜಾರಿ ಬಿದ್ದ. ತೀರ್ಪಿನಲ್ಲೂ ಅದಕ್ಕೆ ಜಾಗವಿತ್ತು. ಆದರೆ ತೀರ್ಪಿನ ಪ್ರತಿಯನ್ನು ನಮ್ಮೂರುಗಳಲ್ಲಿ ಯಾರು ಓದುತ್ತಾರೆ? ಟೀವಿಯನ್ನು ಕೊಟ್ಟೂರಿನಲ್ಲೂ ನೋಡಿದರು, ಕೂಡ್ಲಿಗಿಯಲ್ಲೂ ನೋಡಿದರು.

ಪುಸ್ತಕದ ಎರಡನೇ ಮುದ್ರಣ ಬರುತ್ತಿದೆ ಸರ್. ಆ ಸಾಲು ಅದರಲ್ಲಿ ಇರುವುದಿಲ್ಲ. ಏಕೆ ತೆಗೆದೆ ಎಂಬುದನ್ನೂ ಮುನ್ನುಡಿಯಲ್ಲಿ ಬರೆದಿದ್ದೇನೆ, ಯಾರತ್ತಲೂ ಬೊಟ್ಟು ಮಾಡದೆ.

ಕೊನೆಯ ಕಂತು ಮುಗಿದ ವಾರ ಸಿದ್ದಪ್ಪ ಮತ್ತೆ ಬಂದಿದ್ದ, ಮಗಳ ಮದುವೆಯ ಕಾರ್ಡು ಹಿಡಿದು. "ಊರಾಗ ಎಲ್ಲರೂ ಮಾತಾಡ್ಸಾಕ ಹತ್ಯಾರ್ರಿ" ಎಂದ. ಒಬ್ಬನೇ ಬಂದಿರಲಿಲ್ಲ. ದೂರು ಕೊಟ್ಟ ದಿನದಿಂದ ಅವನೂ ಮೈಲಾರಪ್ಪನೂ ಮುಖ ಕೊಟ್ಟು ಮಾತಾಡಿರಲಿಲ್ಲ, ನಿಮಗೂ ಗೊತ್ತು. ಅವತ್ತು ಇಬ್ಬರೂ ಒಂದೇ ಗಾಡಿಯ ಮೇಲೆ ಬಂದಿದ್ದರು ಸರ್. ಓಡಿಸಿಕೊಂಡು ಬಂದವನು ಮೈಲಾರಪ್ಪ.

ನಿಮ್ಮ ಜೂನಿಯರ್,
ಕೊಟ್ರಮ್ಮ